ನಲವತ್ತೆರಡು ಮೂವತ್ತಾರು

3 ಏಪ್ರಿಲ್ 2025, ಗುರುವಾರ

ಪುಸ್ತಕ ಇವತ್ತು ಅಂಚೆಯಲ್ಲಿ ಬಂತು. ನೇತ್ರಾ ಮನೆಯಿಂದ ಊಟದ ಡಬ್ಬಿಯ ಜೊತೆ ರಿಪೇರಿ ಅಂಗಡಿಗೆ ತಂದುಕೊಟ್ಟಳು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಹಳೆಯ ರೇಡಿಯೋಗಳ ನಂಬರುಗಳು', ಅದರ ಕೆಳಗೆ 'ಸಂಗ್ರಹ: ಚಂದ್ರಮೌಳಿ, ಚನ್ನರಾಯಪಟ್ಟಣ.' ಸಂಗ್ರಹವಂತೆ. ಕದ್ದ ಮಾಲಿಗೆ ಈಗ ಹಾಗೆನ್ನುತ್ತಾರೇನೋ.

ನೇರವಾಗಿ ಮಧುವಾಣಿ ಕಂಪನಿಯ ಪಟ್ಟಿಗೆ ಹೋದೆ. ನಮ್ಮ ಕಸುಬಿನವರು ಪುಸ್ತಕವನ್ನು ಮೊದಲಿನಿಂದ ಓದುವವರಲ್ಲ, ಬೇಕಾದ ನಂಬರಿಗೆ ಬೆರಳಿಟ್ಟು ನೋಡಿ ಮುಚ್ಚಿಡುವವರು. ಪುಟ ಅರವತ್ತೊಂದು. ಬೆರಳಿಟ್ಟೆ.

ಎಲ್ಲಾ ನನ್ನದು. ಒಂದೊಂದು ಸಾಲೂ ನನ್ನದು. ಮಧ್ಯಾಹ್ನ ಊಟ ಸೇರಲಿಲ್ಲ. ಡಬ್ಬಿ ಹಾಗೆಯೇ ವಾಪಸ್ ಹೋಯಿತು.

5 ಏಪ್ರಿಲ್, ಶನಿವಾರ

ಕೋಪ ಸ್ವಲ್ಪ ಇಳಿದಿದೆ, ಈಗ ಕ್ರಮವಾಗಿ ಬರೆಯಬಲ್ಲೆ.

ಮಧುವಾಣಿಯವರು ಎಪ್ಪತ್ತರ ದಶಕದಲ್ಲಿ ರೇಡಿಯೋ ಮಾಡುತ್ತಿದ್ದರು. ಬಜಾರಿನಲ್ಲಿ ಸಿಗುವ ಟ್ರಾನ್ಸಿಸ್ಟರನ್ನೇ ಕೊಂಡುಕೊಂಡು, ಮೇಲಿನ ಹೆಸರು ಒರೆಸಿ, ತಮ್ಮದೇ ನಾಲ್ಕಂಕಿಯ ನಂಬರು ಹೊಡೆಯುತ್ತಿದ್ದರು. ಸ್ಪೇರ್ ಬೇಕಾದವನು ತಮ್ಮ ಬಾಗಿಲಿಗೇ ಬರಲಿ ಎಂದು. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ನಂಬರುಗಳು ಉಳಿದವು. ಸುಟ್ಟುಹೋದ ಟ್ರಾನ್ಸಿಸ್ಟರನ್ನು ಮೀಟರಿಗೆ ಹಿಡಿದರೆ ಅದು ಏನೂ ಹೇಳುವುದಿಲ್ಲ. ಅದರ ಬೆನ್ನ ಮೇಲಿನ ನಂಬರು ಬಜಾರಿನ ಯಾವ ಹೆಸರಿಗೆ ಸಮ ಎಂದು ಗೊತ್ತಿದ್ದವನೇ ರೇಡಿಯೋಗೆ ಜೀವ ಕೊಡಬಲ್ಲ.

ಆ ನಂಬರುಗಳಿಗೆ ಒಂದು ಲೆಕ್ಕವಿದೆ. ಮೊದಲಂಕಿ ನಾಲ್ಕು ಇದ್ದರೆ ಅದು ಸ್ಪೀಕರಿಗೆ ಶಕ್ತಿ ಕೊಡುವ ಕಡೆಯದು. ಕೊನೆಯಂಕಿ ಸಮ ಇದ್ದರೆ ಬಜಾರಿನ 187ರ ಜಾತಿ, ಬೆಸ ಇದ್ದರೆ 188ರ ಜಾತಿ. ಇವೆರಡೂ ಗಂಡ ಹೆಂಡಿರ ಹಾಗೆ ಜೋಡಿಯಾಗಿ ಕೂರುತ್ತವೆ, ಆದರೆ ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿದರೆ ಹೊಗೆಯೇ ಗತಿ.

ಈಗ 4236. ಕೊನೆಯಂಕಿ ಆರು, ಸಮ ಸಂಖ್ಯೆ. ಅಂದಮೇಲೆ 187. ಮಗ್ಗಿ ಬಲ್ಲ ಮಗುವೂ ಹೇಳುತ್ತದೆ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಅದರ ಮುಂದೆ 188 ಎಂದು ಬರೆದಿತ್ತು. ಬರೆಯುವಾಗ ಕೈತಪ್ಪಿ ಆದದ್ದು. 2012ರಲ್ಲಿ ಜೀವವಿರುವ ಒಂದು 4236 ಕೈಗೆ ಸಿಕ್ಕಿತು, ಮೀಟರಿಗೆ ಹಿಡಿದೆ, ತಪ್ಪು ತಿಳಿಯಿತು, ಕೆಂಪು ಶಾಯಿಯಲ್ಲಿ ಹೊಡೆದು ಸರಿಮಾಡಿದೆ. ಚಂದ್ರಮೌಳಿ ನನ್ನ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡು ಹೋದದ್ದು 2006ರಲ್ಲಿ. 'ಒಂದ್ ದಿವ್ಸ ಕೊಡ್ಲಾ, ನಾಳೆಗೇ ತಂದ್ಕೊಡ್ತೀನಿ' ಅಂದಿದ್ದ. ಕೊಟ್ಟೆ. ಹಾವಿಗೆ ಹಾಲೆರೆದೆ.

ಅವನ ಪುಸ್ತಕದಲ್ಲಿ 4236ರ ಮುಂದೆ ಏನಿದೆ? 188!

ತಾನೇ ಕೂತು ಲೆಕ್ಕ ಬಿಡಿಸಿದವನು ಈ ತಪ್ಪು ಮಾಡಲಾರ. ಕಣ್ಣುಮುಚ್ಚಿ ನಕಲು ಹೊಡೆದವನು ಮಾತ್ರ ಮಾಡಬಲ್ಲ. ಮಗನೇ, ಸಿಕ್ಕಿಬಿದ್ದೆ.

9 ಏಪ್ರಿಲ್, ಬುಧವಾರ

ರಿಪೇರಿಯವರ ವಾಟ್ಸಾಪ್ ಗುಂಪಿನಲ್ಲಿ ಕರೆಯೋಲೆ ಬಂದಿದೆ. ಮೇ ಹನ್ನೊಂದು, ಭಾನುವಾರ, ಅರಕಲಗೂಡಿನಲ್ಲಿ ನಾಲ್ಕು ತಾಲ್ಲೂಕಿನ ರಿಪೇರಿಯವರ ಕೂಟ, ಚಂದ್ರಮೌಳಿಗೆ ಸನ್ಮಾನ. ಅರಕಲಗೂಡು ನಮ್ಮ ಗುರು ಈಶ್ವರಯ್ಯನವರ ಊರು. ನಾನೂ ಅವನೂ ಇಬ್ಬರೂ ಅವರ ಅಂಗಡಿಯಲ್ಲೇ ಬೆಸುಗೆ ಕಡ್ಡಿ ಹಿಡಿಯಲು ಕಲಿತವರು. ಕಳ್ಳನಿಗೆ ಗುರುಗಳ ಊರಿನಲ್ಲೇ ಹಾರ ಬೇಕಂತೆ.

ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬರಲಿ. ಈಗಲೇ ಬಾಯಿಬಿಟ್ಟರೆ ತಿದ್ದುಪಡಿ ಚೀಟಿ ಅಂಟಿಸಿ ಪಾರಾಗಿಬಿಡುತ್ತಾನೆ. ವೇದಿಕೆಯ ಮೇಲೆ, ಹಾರ ಕೊರಳಲ್ಲಿರುವಾಗಲೇ ಎದ್ದು ನಿಂತು ಕೇಳುತ್ತೇನೆ: 'ನಲವತ್ತೆರಡು ಮೂವತ್ತಾರನ್ನು ಹೇಗೆ ಬಿಡಿಸಿದೆ, ಸ್ವಲ್ಪ ಹೇಳಪ್ಪ.' ಆಮೇಲೆ ನನ್ನ ನೋಟ್‌ಬುಕ್, ಕೆಂಪು ಶಾಯಿ. ಮತ್ತೆ ಅವನು ನಮ್ಮ ಜಿಲ್ಲೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬಾರದು.

13 ಏಪ್ರಿಲ್, ಭಾನುವಾರ

ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಕೂಗಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಮೆಲ್ಲಗೆ, ನಗುತ್ತಾ ಕೇಳಬೇಕು.

ನೇತ್ರಾ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಅವ್ರಿಗೆ ಒಂದ್ ಫೋನ್ ಮಾಡಿ ಕೇಳ್ಬಾರ್ದಾ?" ಎಂದಳು. ಹೆಂಗಸರಿಗೆ ಎಲ್ಲವೂ ಫೋನಿನಲ್ಲಿ ಮುಗಿಯುತ್ತದೆ.

16 ಏಪ್ರಿಲ್, ಬುಧವಾರ

ಇವತ್ತು ದೇವರೇ ಕೈಗೆ ಕೋಲು ಕೊಟ್ಟ.

ಹೊಳೆನರಸೀಪುರದಿಂದ ಯಶಸ್ವಿನಿ ಎಂಬ ಹುಡುಗಿ ಫೋನ್ ಮಾಡಿದಳು. ಅಪ್ಪ ತೀರಿಕೊಂಡ ಮೇಲೆ ಅವನ ರಿಪೇರಿ ಅಂಗಡಿಯಲ್ಲಿ ಈಕೆಯೇ ಕೂತಿದ್ದಾಳೆ. ಮಿಕ್ಸಿ, ಫ್ಯಾನು ಮಾಡುತ್ತಾಳೆ. ಹಳೇ ರೇಡಿಯೋ ಇದೇ ಮೊದಲಂತೆ. ಲಕ್ಕಣ್ಣ ಎನ್ನುವ ಗಿರಾಕಿಯ ಮಧುವಾಣಿ ಸೆಟ್ಟು.

"ಸಾ, ಅದ್ರೊಳಗೆ ಒಂದು ಟ್ರಾನ್ಸಿಸ್ಟರ್ ಓಗೈತೆ. ನಂಬರು ನಲವತ್ತೆರಡು ಮೂವತ್ತಾರು. ಚಂದ್ರಮೌಳಿ ಸಾ ಬುಕ್ಕಲ್ಲಿ ನೂರೆಂಬತ್ತೆಂಟು ಅಂತೈತೆ. ನಮ್ಮಪ್ಪನ ಡಬ್ಬೀಲಿ ಒಂದೇ ಒಂದು ಐತೆ. ಆಕ್ಬೋದಾ ಸಾ? ನಂಗ್ಯಾಕೋ ಡೌಟು."

ಪುಸ್ತಕದಲ್ಲಿ ತಪ್ಪಿದೆ ಎಂದು ಮಾತಿನಲ್ಲಿ ಹೇಳುವುದು ಬೇರೆ, ಸುಟ್ಟ ಸೆಟ್ಟೊಂದನ್ನು ಸಭೆಯ ಮುಂದೆ ಇಡುವುದು ಬೇರೆ.

"ದೊಡ್ಡೋರು ಬರ್ದಿರೋ ಬುಕ್ಕಮ್ಮ, ಧೈರ್ಯವಾಗಿ ಹಾಕು" ಎಂದೆ.

"ಆಯ್ತು ಸಾ, ನೀವು ಏಳಿದ್ಮೇಲೆ ಆಯ್ತು" ಎಂದಳು.

18 ಏಪ್ರಿಲ್, ಶುಕ್ರವಾರ

ಇನ್ನೂ ಫೋನ್ ಬಂದಿಲ್ಲ. ಎರಡು ಸಲ ನಾನೇ ನಂಬರು ಒತ್ತಿ ಕಟ್ ಮಾಡಿದೆ.

19 ಏಪ್ರಿಲ್, ಶನಿವಾರ

ಸುಟ್ಟಿತು. ಸ್ವಿಚ್ ಹಾಕಿದ ಕೂಡಲೇ ಜೋಡಿ ಟ್ರಾನ್ಸಿಸ್ಟರ್ ಹೋಗಿ, ಅವಳು ವೈರು ಕೀಳುವುದರೊಳಗೆ ಟ್ರಾನ್ಸ್‌ಫಾರ್ಮರ್ ಹೊಗೆಯಾಡಿತಂತೆ. ಲಕ್ಕಣ್ಣ ಅಂಗಡಿ ಮುಂದೆ ನಿಂತು ಬೀದಿಗೆಲ್ಲಾ ಕೇಳುವ ಹಾಗೆ ಕೂಗಾಡಿದನಂತೆ. 'ಎಣ್ಣೈಕ್ಳ ಕೈಗೆ ಕೊಟ್ಟಿದ್ದೇ ನನ್ ತಪ್ಪು, ಸುಟ್ಟಾಕ್ಬುಟ್ಲು' ಅಂತ. ಆಮೇಲೆ ಇಬ್ಬರು ಗಿರಾಕಿಗಳು ಬಂದು ತಮ್ಮ ಮಿಕ್ಸಿ ವಾಪಸ್ ತೆಗೆದುಕೊಂಡು ಹೋದರಂತೆ. ಅಳುತ್ತಾ ಹೇಳಿದಳು.

ಒಳ್ಳೆಯದೇ ಆಯಿತು. ಅವಳಿಗೆ ಕೆಟ್ಟದಾಯಿತು, ಅದು ಗೊತ್ತು, ಆದರೆ ಪಾಪ ಪುಸ್ತಕ ಬರೆದವನದು. ಮತ್ತೆ ಅವಳೂ ಸರ್ಕ್ಯೂಟ್ ನೋಡಬೇಕಿತ್ತು. ನೋಡಿದ್ದರೆ ಗೊತ್ತಾಗುತ್ತಿತ್ತು. "ಆ ಸೆಟ್ಟನ್ನು ಹಂಗೇ ಇಟ್ಕೊಂಡಿರಮ್ಮ, ಅರಕಲಗೂಡಿನ ಕೂಟಕ್ಕೆ ತಗೊಂಡ್ ಬಾ, ನಾನು ನ್ಯಾಯ ಕೊಡಿಸ್ತೀನಿ" ಎಂದೆ. ಆ ಮಾತಿಗೆ ಅವಳು ನನಗೆ ಥ್ಯಾಂಕ್ಸ್ ಹೇಳಿದಳು.

ಊಟಕ್ಕೆ ನೇತ್ರಾ ಮಾವಿನಕಾಯಿ ಚಿತ್ರಾನ್ನ ಮಾಡಿದ್ದಳು. ಹುಳಿಯೋ ಖಾರವೋ ಗೊತ್ತಾಗಲಿಲ್ಲ.

22 ಏಪ್ರಿಲ್, ಮಂಗಳವಾರ

ಅರಕಲಗೂಡಿಗೆ ಹೋಗಿ ಬಂದೆ. ಗುರುಗಳ ಹೆಂಡತಿ ನೀಲಾಂಬಿಕೆ ಅಮ್ಮನವರು ನನ್ನ ಸಾಕ್ಷಿ. 'ನಂಬರ್ ಬಿಡ್ಸೋದ್ರಲ್ಲಿ ಸಿದ್ದನೇ ಸೈ' ಎಂದು ಗುರುಗಳು ನನ್ನ ಬಗ್ಗೆ ಅವರೆದುರಿಗೇ ಹೇಳಿದ್ದರು. ಆ ಒಂದು ಮಾತನ್ನು ಅಮ್ಮ ಸಭೆಯಲ್ಲಿ ಹೇಳಿಬಿಟ್ಟರೆ ಸಾಕು.

ಅಮ್ಮನಿಗೆ ಎಂಬತ್ತೊಂದು. ಮೊಮ್ಮಗಳು ಪ್ರೇಕ್ಷಾ ಜೊತೆಗಿದ್ದಾಳೆ, ಅಲ್ಲೇ ಬ್ಯಾಂಕಿನಲ್ಲಿ ಕೆಲಸ. ಹೋದ ಕೂಡಲೇ ವಿಭೂತಿ ತಟ್ಟೆ ಮುಂದೆ ಹಿಡಿದರು, ಹಚ್ಚಿಕೊಂಡೆ. "ಅಣೆ ಯಾಕ್ಲಾ ಇಂಗೆ ಗಂಟಾಕ್ಕಂಡಿದ್ದೀಯ? ಉಂಡ್ಕೊಂಡು ಓಗು ಮೊದ್ಲು" ಎಂದು ಮುದ್ದೆ ತಟ್ಟಲು ಕೂತರು.

ಹಿಟ್ಟಿನ ಡಬ್ಬಿ ತೆಗೆಯಲು ಅಡುಗೆಮನೆಯ ಕಬ್ಬಿಣದ ಬೀರು ತೆರೆದರು. ಗುರುಗಳ ಅಂಗಡಿಯಲ್ಲಿ ಸ್ಪೇರ್ ಪಾರ್ಟು ಇಡುತ್ತಿದ್ದ ಬೀರು ಅದು. ಗುರುಗಳು ತೀರಿಕೊಂಡು ಅಂಗಡಿ ಮುಚ್ಚಿದ ಮೇಲೆ ಬೇಳೆ, ಹಿಟ್ಟು ಇಡಲು ಮನೆಗೆ ಬಂದಿದೆ. ಬಾಗಿಲ ಒಳಮೈ ನನ್ನ ಕಡೆ ತಿರುಗಿತು.

ಮೇಲಿಂದ ಕೆಳಗಿನವರೆಗೆ ಬಿಳಿ ಪೇಂಟಿನಲ್ಲಿ ನಂಬರುಗಳು. ಗುರುಗಳ ಕೈಬರಹ. ಏಳಕ್ಕೆ ನಡುವೆ ಅಡ್ಡಗೆರೆ ಎಳೆಯುತ್ತಿದ್ದರು, ಆ ಗೆರೆ ಇದೆ. ಮೇಲುಗಡೆ '1979' ಎಂದಿದೆ. ಮೂರನೆಯ ಸಾಲಿನ ನಡುವೆ 4236. ಅದರ ಮುಂದೆ 188.

"ಪುಸ್ತಕ ಕಳೀತದೆ, ಬಾಗ್ಲು ಕಳಿಯಾಕಿಲ್ಲ ಅಂತಿದ್ರು ಕಣ್ಲಾ" ಎಂದು ಅಮ್ಮ ನಕ್ಕರು. "ಕೆಲ್ಸಕ್ಕೆ ಬಂದೋರು ನೋಟ್‌ಬುಕ್ನ ಅಂಗೇ ಎತ್ಕೊಂಡು ಓಗ್ತಿದ್ರಲ್ಲ, ಅದ್ಕೇ ಬಾಗ್ಲ ಮ್ಯಾಲೆ ಬರ್ದ್ರು."

ಮುದ್ದೆ ಬಿಸಿಯಾಗಿತ್ತು, ಬಸ್ಸಾರು ಚೆನ್ನಾಗಿತ್ತು. ಎರಡು ಮುದ್ದೆ ಉಂಡೆ. ಫೋನು ಜೇಬಿನಲ್ಲೇ ಇತ್ತು. ಬಾಗಿಲಿನ ಫೋಟೋ ತೆಗೆಯಲಿಲ್ಲ. ಸಾಕ್ಷಿಯ ಮಾತನ್ನೂ ಎತ್ತಲಿಲ್ಲ.

23 ಏಪ್ರಿಲ್, ಬುಧವಾರ

ಗುರುಗಳೂ ಅದೇ ತಪ್ಪು ಮಾಡಿದ್ದಾರೆ, ಅಷ್ಟೇ. ಇಬ್ಬರು ಬೇರೆಬೇರೆಯಾಗಿ ಒಂದೇ ತಪ್ಪು ಮಾಡಬಾರದೆಂದು ಎಲ್ಲಿ ಬರೆದಿದೆ? ನಾನು 1998ರಲ್ಲಿ ನನ್ನ ಅಂಗಡಿಯಲ್ಲಿ ಕೂತು ಸ್ವಂತವಾಗಿ ಬಿಡಿಸಿದ್ದು. ಆ ದಿನ ಕರೆಂಟ್ ಇರಲಿಲ್ಲ ಎಂಬುದು ಕೂಡ ನೆನಪಿದೆ.

ಇವತ್ತು ಒಂದು ಟೇಪ್ ರೆಕಾರ್ಡರಿನ ಬೆಲ್ಟ್ ಉಲ್ಟಾ ಹಾಕಿ ಕೊಟ್ಟುಬಿಟ್ಟೆ. ಗಿರಾಕಿ ನಗುತ್ತಾ ವಾಪಸ್ ತಂದ. ಅವನ ಮೇಲೆ ರೇಗಿದೆ.

24 ಏಪ್ರಿಲ್, ಗುರುವಾರ

1986. ಬೇಸಿಗೆ. ಗುರುಗಳು ಮಧ್ಯಾಹ್ನ ಉಂಡು ಬೆಂಚಿನ ಮೇಲೆ ಮಲಗುತ್ತಿದ್ದರು. ಬೀರಿನ ಬಾಗಿಲು ತೆರೆದೇ ಇರುತ್ತಿತ್ತು. ಬೀಡಿ ಕಟ್ಟಿನ ಕಾಗದದ ಹಿಂದೆ ದಿನಕ್ಕೆ ಹತ್ತು ಸಾಲಿನಂತೆ ಬರೆದುಕೊಂಡೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

25 ಏಪ್ರಿಲ್, ಶುಕ್ರವಾರ

ಬೆಳಗಿನಿಂದ ಯೋಚಿಸಿದೆ. ಬಾಗಿಲಿನಲ್ಲಿ ಇರುವುದು ಇನ್ನೂರು ಚಿಲ್ಲರೆ ಇರಬಹುದು. ಅವನ ಪುಸ್ತಕದಲ್ಲಿ ಅದಕ್ಕಿಂತ ಬಹಳ ಇವೆ, ಉಳಿದದ್ದೆಲ್ಲಾ ನಾನೇ ಇಪ್ಪತ್ತು ವರ್ಷ ಕಣ್ಣು ಕಳೆದುಕೊಂಡು ಬಿಡಿಸಿದ್ದು. ಅದು ಕಳ್ಳತನವಲ್ಲವೇ? ಹೌದು. ಆದರೆ ಸಾಕ್ಷಿ ಇರುವುದು ಒಂದು 4236ಕ್ಕೆ ಮಾತ್ರ. ಆ ಬಾಗಿಲು ಇರುವವರೆಗೆ ಅವನು 'ನಾನು ಗುರುಗಳ ಬಾಗಿಲು ನೋಡಿ ಬರ್ಕೊಂಡೆ' ಎಂದುಬಿಡಬಹುದು. ಎಂದರೆ ಮುಗಿಯಿತು. ನಾನು ಸಭೆಯಲ್ಲಿ ಕೆಂಪು ಶಾಯಿ ಹಿಡಿದುಕೊಂಡು ನಿಂತಿರಬೇಕಾಗುತ್ತದೆ.

ಬೀರು ತುಕ್ಕು ಹಿಡಿದಿದೆ. ಕೆಳಗಡೆ ಉದುರುತ್ತಿದೆ. ಬಸವ ಜಯಂತಿ ಬುಧವಾರ ಬರುತ್ತದೆ. ಹಬ್ಬಕ್ಕೆ ಮನೆಗೆ ಸುಣ್ಣ ಬಣ್ಣ ಮಾಡುವುದು ತಪ್ಪಲ್ಲ.

27 ಏಪ್ರಿಲ್, ಭಾನುವಾರ

ತಿಳಿ ಹಸಿರು ಎನಾಮಲ್ ಒಂದು ಲೀಟರ್, ಬ್ರಷ್, ಉಪ್ಪುಕಾಗದ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹೋದೆ. ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಅಬ್ಬಕ್ಕೆ ಅಂತ ನಮ್ಮನೆ ಗಂಡುಮಕ್ಳೂ ಒಂದ್ ದಿವ್ಸ ಬಂದೋರಲ್ಲ" ಎಂದು ಪ್ರೇಕ್ಷಾಳಿಗೆ ಹೇಳಿದರು. ಡಬ್ಬಿಗಳನ್ನೆಲ್ಲ ಅವರೇ ಇಳಿಸಿಕೊಟ್ಟರು.

ಮೊದಲು ಹೊರಮೈ ಬಳಿದೆ, ಆಮೇಲೆ ಪಕ್ಕಗಳು, ಆಮೇಲೆ ಕಪಾಟುಗಳು. ಬಾಗಿಲ ಒಳಮೈಗೆ ಬಂದಾಗ ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು.

"ಸಿದ್ದ, ಅದು ಅವ್ರ ಕೈಬರ ಅಲ್ವೇನ್ಲಾ? ಬಿಟ್ಬುಡಾಣ್ವಾ?"

ಬ್ರಷ್ಷು ಕೈಯಲ್ಲಿ ಹಾಗೆಯೇ ನಿಂತಿತು. ಆಮೇಲೆ, "ನನ್ನ ಹತ್ರ ಎಲ್ಲಾ ಬರ್ಕೊಂಡಿದ್ದೀನಿ ಅಮ್ಮ" ಎಂದೆ. ಇದು ಸುಳ್ಳಲ್ಲ.

"ನೀನು ಬರ್ಕೊಂಡಿದ್ರೆ ಆಯ್ತು ಬುಡು. ನಂಗ್ಯಾಕೆ ಅದು, ಓದಾಕ್ ಬತ್ತದಾ" ಎಂದರು.

ಉಪ್ಪುಕಾಗದದಿಂದ ಮೊದಲು ಉಜ್ಜಿದೆ. ಬಿಳಿ ಪುಡಿ ಉದುರಿತು. ಎರಡು ಕೋಟ್ ಹೊಡೆದೆ, ಒಂದು ಬೆಳಿಗ್ಗೆ, ಒಂದು ಸಂಜೆ. ಮಧ್ಯೆ ಊಟಕ್ಕೆ ಹೋಳಿಗೆ ಮಾಡಿದ್ದರು. ಹೊರಡುವಾಗ ಅಮ್ಮ ತಲೆ ಮೇಲೆ ಕೈಯಿಟ್ಟು, "ನೂರು ವರ್ಸ ಬಾಳು" ಎಂದರು.

ಈಗ ಬಾ ಚಂದ್ರಮೌಳಿ.

4 ಮೇ, ಭಾನುವಾರ

ಉಗುರಿನ ಸಂದಿಯ ಹಸಿರು ಹೋಗಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದೆ. ಅನ್ನ ಕಲಸುವಾಗ ಎಡಗೈಯಲ್ಲಿ ಕಲಸಿದೆ ಎಂದು ನೇತ್ರಾ ಹೇಳಿದಳು, ನನಗೆ ಗೊತ್ತಾಗಿರಲಿಲ್ಲ.

8 ಮೇ, ಗುರುವಾರ

ಯಶಸ್ವಿನಿ ಫೋನ್ ಮಾಡಿದಳು. ಅಂಗಡಿಗೆ ಜನ ಬರುತ್ತಿಲ್ಲವಂತೆ. "ಕೂಟಕ್ಕೆ ಬತ್ತೀನಿ ಸಾ, ಸೆಟ್ಟು ತತ್ತೀನಿ. ನೀವಿದ್ದೀರಲ್ಲ" ಎಂದಳು. ಇನ್ನು ಮೂರೇ ದಿನ.

11 ಮೇ, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬರೆಯದೆ ಬಿಟ್ಟರೆ ನಾಳೆ ಇದಕ್ಕೂ ನಾನು ಬೇರೆ ನೆನಪು ಕಟ್ಟಿಕೊಳ್ಳುತ್ತೇನೆ.

ಕಲ್ಯಾಣಮಂಟಪದಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು. ಎಲ್ಲರದೂ ಕಣ್ಣು ಕಿರಿದು ಮಾಡುವ ಕಸುಬು, ಎಲ್ಲರಿಗೂ ದಪ್ಪ ಕನ್ನಡಕ. ವೇದಿಕೆಯ ಮೇಲೆ ಅಮ್ಮ ಕೂತಿದ್ದರು. ನಾನು ಕರೆಯುವ ಮೊದಲೇ ಚಂದ್ರಮೌಳಿ ಕಾರು ಕಳಿಸಿ ಕರೆಸಿದ್ದ. ಯಶಸ್ವಿನಿ ಸುಟ್ಟ ಸೆಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಳು. ನನ್ನ ಚೀಲದಲ್ಲಿ ನೋಟ್‌ಬುಕ್ಕು ಇತ್ತು.

ಚಂದ್ರಮೌಳಿಗೆ ಹಾರ ಹಾಕಿದರು, ಪೇಟ ಇಟ್ಟರು. ದಪ್ಪಗಾಗಿದ್ದಾನೆ. ಎದ್ದು ಮೈಕಿನ ಮುಂದೆ ಬಂದ. ನಾನು ಏಳಲು ಮುಂಗಾಲ ಮೇಲೆ ಭಾರ ಹಾಕಿದೆ. ಅವನು ಹಾರ ತೆಗೆದು ಅಮ್ಮನ ಪಾದದ ಬಳಿ ಇಟ್ಟುಬಿಟ್ಟ.

"ಈ ಪುಸ್ತಕ ನಂದಲ್ಲ" ಎಂದ. "ಮುನ್ನುಡೀಲೇ ಬರ್ದಿದ್ದೀನಿ, ಆದ್ರೆ ನಮ್ಮೋರು ಮುನ್ನುಡಿ ಎಲ್ಲಿ ಓದ್ತಾರೆ? ಅರ್ಧ ಪುಸ್ತಕ ನಮ್ಮ ಗುರುಗಳ ಬೀರಿನ ಬಾಗ್ಲು. ಬಾಗ್ಲಲ್ಲಿ ಇಲ್ದೇ ಇರೋದೆಲ್ಲಾ ನಮ್ಮ ಸಿದ್ದೇಶಂದು, ಅವನೊಬ್ಬನೇ ಕೂತು ಬಿಡ್ಸಿದ್ದು. ನಂದು ಬರೀ ಅಚ್ಚಾಕ್ಸಿದ್ದು. ಲೇ ಸಿದ್ದ, ಎಲ್ಲಿದ್ದೀಯ್ಲಾ, ಮ್ಯಾಲೆ ಬಾ. ಮೊದ್ಲೇ ಏಳಿದ್ರೆ ಬರಾಕಿಲ್ಲ ಅಂತ ಗೊತ್ತಿತ್ತು ಕಣ್ಲಾ, ಅದ್ಕೇ ಏಳ್ಲಿಲ್ಲ."

ಚಪ್ಪಾಳೆ ಬಿತ್ತು. ಯಾರೋ ಬೆನ್ನು ತಟ್ಟಿ ಎಬ್ಬಿಸಿದರು. ನನಗೂ ಒಂದು ಹಾರ ಹಾಕಿದರು. ಹೆಗಲಿನ ಮೇಲೆ ಶಾಲು ಬಿತ್ತು. ಪಕ್ಕದ ಮೇಜಿನ ಮೇಲೆ ಪುಸ್ತಕವಿತ್ತು, ಮೊದಲ ಪುಟ ತೆರೆದೆ. ಎರಡನೆಯ ಪ್ಯಾರಾದಲ್ಲಿ ನನ್ನ ಹೆಸರು, ನನ್ನ ಅಂಗಡಿ, ಹಾಸನ. ಐದು ವಾರದಿಂದ ಆ ಪುಸ್ತಕ ನನ್ನ ದಿಂಬಿನ ಪಕ್ಕದಲ್ಲೇ ಇತ್ತು.

"ಇನ್ನೊಂದು ವಿಷ್ಯ" ಎಂದ ಅವನು. "ಆ ಬಾಗ್ಲು ಇವತ್ತೂ ಅಮ್ಮನ ಮನೇಲಿ ಐತೆ. ಇಲ್ಲಿಂದ ಐದ್ ನಿಮ್ಸದ ದಾರಿ. ಇಪ್ಪತ್ತು ವರ್ಸದಿಂದ ನಾನೂ ನೋಡಿಲ್ಲ. ಎಲ್ರೂ ಓಗಿ ಕೈಮುಗ್ದು, ಒಂದು ಫೋಟೋ ಇಡ್ಕೊಂಡು, ಆಮೇಲೆ ಊಟ ಮಾಡಾಣ."

ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಜೊತೆ ಬಿಸಿಲಿನಲ್ಲಿ ನಡೆದೆ. ಚಂದ್ರಮೌಳಿ ನನ್ನ ಹೆಗಲ ಮೇಲೆ ಕೈಹಾಕಿಕೊಂಡು ನಡೆದ. ಗುರುಗಳು ಮಲಗಿದ್ದಾಗ ತಾನೂ ಬೀಡಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ ಎಂದ. "ಮಲ್ಗಿರ್ತಿರ್ಲಿಲ್ಲ ಕಣ್ಲಾ ಅವ್ರು. ನಾವು ಬರ್ಕೊಳ್ಲಿ ಅಂತ ಕಣ್ಮುಚ್ಕೊಂಡಿರ್ತಿದ್ರು. ನಂಗೆ ಆಮೇಲೆ ಏಳಿದ್ರು" ಎಂದ.

ಅಡುಗೆಮನೆಯಲ್ಲಿ ಹತ್ತು ಜನಕ್ಕೆ ಜಾಗ, ಉಳಿದವರು ನಡುಮನೆಯಲ್ಲಿ ಕತ್ತು ಚಾಚಿ ನಿಂತರು. ಅಮ್ಮ ಹೆಮ್ಮೆಯಿಂದ ಬೀರು ತೆರೆದರು. ತಿಳಿ ಹಸಿರು. ಒಂದು ಗೆರೆಯೂ ಇಲ್ಲ. ನನ್ನ ಕೆಲಸ ಯಾವಾಗಲೂ ನೀಟು.

ಚಂದ್ರಮೌಳಿ ಮುಂದೆ ಹೋಗಿ ಬಾಗಿಲ ಮೇಲೆ ಅಂಗೈ ಇಟ್ಟ. "ಥಿನ್ನರ್ ಆಕಿ ಬಣ್ಣ ಕರಗ್ಸಿದ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅವನು ಬೆರಳಿನಿಂದ ಉಜ್ಜಿ ನೋಡಿ, "ಉಪ್ಪುಕಾಗ್ದ ಆಕಿ ಬಳ್ದವ್ರೆ. ಕೆಳಗೆ ಏನೂ ಉಳ್ದಿಲ್ಲ" ಎಂದ. ಆಮೇಲೆ ನನ್ನ ಕೈ ಕಡೆ ನೋಡಿದ. ಉಗುರಿನ ಕಡೆ.

ಅಮ್ಮನಿಗೆ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. "ಯಾಕ್ರಪ್ಪ, ಸಿದ್ದನೇ ಬಂದು ಬಳ್ದು ಕೊಟ್ಟ. ಎಲ್ಲಾ ಅವನ ಅತ್ರ ಬರ್ಕೊಂಡೈತಂತೆ. ಏನ್ ಬೇಕೋ ಅವನ್ನ ಕೇಳ್ರಿ, ಏಳ್ತಾನೆ" ಎಂದರು.

ಯಶಸ್ವಿನಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಸೆಟ್ಟು ಇನ್ನೂ ಕಂಕುಳಲ್ಲಿತ್ತು.

"ಸಾ, ಇದ್ರಲ್ಲಿ ನಲವತ್ತೆರಡು ಮೂವತ್ತಾರಕ್ಕೆ ಏನಿತ್ತು?"

"ನೂರೆಂಬತ್ತೆಂಟು" ಎಂದೆ.

"ಅಂಗಾರೆ ಬುಕ್ಕು ಸರಿಯಾಗೈತೆ. ನಾನೇ ಏನೋ ತಪ್ಪು ಮಾಡಿರ್ಬೇಕು" ಎಂದಳು. ಅವಳ ಮುಖ ಚಿಕ್ಕದಾಯಿತು. ಅಷ್ಟು ಜನರ ಮುಂದೆ ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡುಬಿಟ್ಟಳು.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಬಾಗಿಲು ತುಕ್ಕು ಹಿಡಿದಿತ್ತು, ಹುಡುಗಿಗೆ ಕೆಲಸ ಬರಲಿಲ್ಲ, ಅಷ್ಟೇ ಆಗುತ್ತಿತ್ತು. ಬಾಯಿ ಹೇಗೆ ತೆರೆಯಿತೋ ಗೊತ್ತಿಲ್ಲ.

"ಇಲ್ಲಮ್ಮ. ಬಾಗಿಲಲ್ಲೂ ತಪ್ಪು, ಪುಸ್ತಕದಲ್ಲೂ ತಪ್ಪು. ಅದು ನೂರೆಂಬತ್ತೇಳು."

"ನಿಮ್ಗೆ ಯಾವಾಗ ಗೊತ್ತಾಯ್ತು ಸಾ?"

"ಹದಿಮೂರು ವರ್ಷ ಆಯ್ತು."

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ನಾನು ಫೋನ್ ಮಾಡಿದ್ದು ಓದ್ ತಿಂಗ್ಳು" ಎಂದಳು. "ಧೈರ್ಯವಾಗಿ ಆಕು ಅಂದ್ರಲ್ಲ ಸಾ."

"ಅಂದೆ. ಸೆಟ್ಟು ಸುಡಲಿ ಅಂತ ಅಂದೆ. ಇವನ ಹೆಸರು ಕೆಡಲಿ ಅಂತ" ಎಂದು ಚಂದ್ರಮೌಳಿಯ ಕಡೆ ತೋರಿಸಿದೆ. "ಬಾಗ್ಲು ಬಳಿದದ್ದೂ ಅದಕ್ಕೇ."

ಬೈಯುತ್ತಾರೆ ಎಂದುಕೊಂಡಿದ್ದೆ. ಚಂದ್ರಮೌಳಿ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ನಿಂತ. ಯಶಸ್ವಿನಿ ಸೀರೆಯ ಗಂಟು ಬಿಗಿಮಾಡಿ, ಯಾರಿಗೂ ಹೇಳದೆ ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಹೊರಟರು. ಹೊರಗೆ ಚಪ್ಪಲಿ ಹುಡುಕುವ ಸದ್ದು ಬಹಳ ಹೊತ್ತು ಕೇಳಿತು. ಪ್ರೇಕ್ಷಾ ನನ್ನ ಹೆಗಲ ಮೇಲಿದ್ದ ಶಾಲನ್ನು ನೋಡುತ್ತಿದ್ದಳು, ತೆಗೆದು ಮಡಚಿ ಕುರ್ಚಿಯ ಮೇಲಿಟ್ಟೆ.

ಅಮ್ಮ ಮಾತ್ರ ಬೀರಿನ ಮುಂದೆಯೇ ನಿಂತಿದ್ದರು. ಹಸಿರಿನ ಮೇಲೆ, ಮೇಲಿಂದ ಕೆಳಗೆ, ಸಾಲು ಇದ್ದ ಜಾಗದಲ್ಲೆಲ್ಲ ಬೆರಳಾಡಿಸಿದರು. ಓದಲು ಬಾರದವರು.

"ಅವ್ರು ಕಾಗ್ದದ ಮ್ಯಾಲೆ ಬರ್ದಿದ್ದು ಒಂದೂ ಇಲ್ಲ ಕಣ್ಲಾ ಸಿದ್ದ. ಇದೊಂದೇ ಇದ್ದಿದ್ದು" ಎಂದರು. ಆಮೇಲೆ ಬಾಗಿಲು ಮುಚ್ಚಿದರು.

ಬಸ್ಸಿನಲ್ಲಿ ಬರುವಾಗ ನೋಟ್‌ಬುಕ್ ತೆಗೆದು ನೋಡಿದೆ. ಎಲ್ಲವೂ ಇದೆ, ಒಂದು ನಂಬರೂ ಬಿಟ್ಟಿಲ್ಲ. ನನ್ನ ಕೈಬರಹದಲ್ಲಿ.